ಊರಿನ ಕಸಕ್ಕೆ ಇಪ್ಪತ್ತು ವರ್ಷದ ಅಳತೆ

ಗಾಳಿ ಈ ಕಡೆ ತಿರುಗಿದರೆ ಸಾಕು, ನಮ್ಮ ಬೀದಿಯವರೆಲ್ಲ ಕಿಟಕಿ ಮುಚ್ಚುತ್ತೇವೆ. ಊರಾಚೆಯ ಕಸದ ಗುಂಡಿ ತುಂಬಿ ಹೊರಗೆ ಚೆಲ್ಲುತ್ತಿದೆ. ಟೈಲರ್ ಮಾವ ಮಾತ್ರ ಅದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ. ಬೀದಿಗೆಲ್ಲ ಅವರು ಮಾವ. ಹೊಲಿಗೆ ಅಚ್ಚುಕಟ್ಟು, ಮಾತು ಸೂಜಿಯ ಹಾಗೆ ಚುಚ್ಚುತ್ತದೆ.

ಮೊನ್ನೆ ಹರಿದ ಚೀಲ ಹೊಲಿಸಲು ನಾನು ಅವರ ಅಂಗಡಿಯಲ್ಲಿ ಕೂತಿದ್ದೆ. ಅವರ ಸೊಸೆ ಮಹಿಳಾ ಸಂಘದಿಂದ ಓಡೋಡಿ ಬಂದಳು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

"ಮಾವ, ಮಿಷನ್ ನಿಲ್ಸಿ. ನಮ್ಮ ಊರು, ಸುತ್ತಲ ಹಳ್ಳಿ ಎಲ್ಲಾ ಸೇರಿಸಿ ಕಸಕ್ಕೆ ಇಪ್ಪತ್ತು ವರ್ಷದ ಯೋಜನೆ ಮಾಡ್ತಿದಾರೆ. ಇನ್ನೇನು ಶಾಲೇಲಿ ಸಭೆ ಶುರುವಾಗುತ್ತೆ. ನಾವೂ ಮಾತಾಡ್ಬೋದಂತೆ."

"ನಾಳೆ ಕಸದ ಗಾಡಿ ಬರುತ್ತೋ ಇಲ್ವೋ ಗೊತ್ತಿಲ್ಲ, ಇವ್ರು ಇಪ್ಪತ್ತು ವರ್ಷದ ಕನಸು ಕಾಣ್ತಾರೆ."

"ಹೀಗೇ ಎಲ್ಲಾ ಒಟ್ಟಿಗೆ ಎಸೀತಾ ಹೋದ್ರೆ ಹೊಸ ಗುಂಡಿ ತೋಡ್ಬೇಕು. ಎಲ್ಲಿ ಜಾಗ ನೋಡಿದಾರೆ ಗೊತ್ತಾ? ನಮ್ಮ ಬಾವಿ ಹಿಂದಿನ ಬಯಲು."

ಮಿಷನ್ ನಿಂತಿತು. ಇಡೀ ಬೀದಿ ಕುಡಿಯುವುದು ಆ ಬಾವಿಯ ನೀರನ್ನೇ.

"ಬೇರೆ ದಾರಿ ಇಲ್ವಾ?"

"ಇದೆ ಮಾವ. ಹಸಿ ಕಸ, ಒಣ ಕಸ ಬೇರೆ ಬೇರೆ ಕೊಟ್ರೆ ಹಸೀದು ಗೊಬ್ಬರ ಆಗುತ್ತೆ, ಒಣದು ಮತ್ತೆ ಬಳಕೆಗೆ ಹೋಗುತ್ತೆ. ಉಳಿಯೋದು ಸ್ವಲ್ಪ. ಅದಕ್ಕೆ ಹಳೇ ಗುಂಡೀನೇ ಬಗೆದು, ಅಲ್ಲಿರೋ ಕಸಾನೂ ಹೀಗೇ ಬೇರೆ ಮಾಡಿ ಖಾಲಿ ಮಾಡಿದ್ರೆ ಸಾಕಂತೆ."

"ಸರಿ ತಾಯಿ. ಇಪ್ಪತ್ತು ವರ್ಷದ್ದು ಈಗ್ಲೇ ಯಾಕೆ?"

ಸೊಸೆ ಅವರ ಕೈಯಲ್ಲಿದ್ದ ಮೊಮ್ಮಗಳ ಶಾಲೆಯ ಲಂಗವನ್ನು ತಿರುಗಿಸಿ ನೋಡಿದಳು. "ಅಂಚಲ್ಲಿ ಇಷ್ಟೊಂದು ಬಟ್ಟೆ ಒಳಗೆ ಮಡಿಚಿದೀರಲ್ಲ, ಯಾಕೆ?"

"ಪುಟ್ಟಿ ಬೆಳೆಯಲ್ವಾ? ಆಮೇಲೆ ಬಿಚ್ಚಿ ಉದ್ದ ಮಾಡ್ಬೇಡ್ವಾ?"

"ಊರೂ ಬೆಳೆಯುತ್ತೆ ಮಾವ."

ನನಗೆ ನಗು ತಡೆಯಲಾಗಲಿಲ್ಲ. ಮಾವ ನನ್ನ ಚೀಲವನ್ನು ಪಕ್ಕಕ್ಕೆ ತಳ್ಳಿ ಚಪ್ಪಲಿ ಹುಡುಕತೊಡಗಿದರು. ನನಗೂ ಹುರುಪು ಬಂತು, ಹಿಂದೆಯೇ ಹೊರಟೆ.

ಸಭೆಯಲ್ಲಿ ಮೊದಲು ಎದ್ದು ನಿಂತವರೇ ಅವರು. "ಗೊಬ್ಬರದ ಶೆಡ್ಡು ಎಷ್ಟು ಮನೆಗೆ ಅಳತೆ ಮಾಡಿದೀರಿ? ಮುಂದೆ ಬರೋ ಮನೆಗಳ್ನೂ ಸೇರಿಸಿದೀರಾ?"

ಯೋಜನೆ ಮಾಡುತ್ತಿದ್ದ ಎಂಜಿನಿಯರ್ ಮೇಡಂ ಖುಷಿಯಿಂದ ನಕ್ಷೆ ಬಿಡಿಸಿ, ಶೆಡ್ಡಿನ ಪಕ್ಕದ ಖಾಲಿ ಜಾಗ ತೋರಿಸಿದರು. "ಅದಕ್ಕೇ ಇದನ್ನ ಬಿಟ್ಟಿರೋದು. ಆದ್ರೆ ಮನೇಲೇ ಕಸ ಬೇರೆ ಮಾಡ್ದಿದ್ರೆ ನಿಮ್ಮ ಬಯಲೇ ಗತಿ. ನಿಮ್ಮ ಬೀದಿ ಒಪ್ಪುತ್ತಾ?"

"ನಮ್ಮ ಬೀದಿ ನಂಗೆ ಬಿಡಿ."

ಈಗ ಅಂಗಡಿಯಲ್ಲಿ ಎರಡು ಬುಟ್ಟಿಗಳಿವೆ. ನಿನ್ನೆ ಬಟ್ಟೆ ಚೂರಿನ ಬುಟ್ಟಿಗೆ ನಾನು ಕಿತ್ತಳೆ ಸಿಪ್ಪೆ ಹಾಕಿಬಿಟ್ಟೆ. ಮಾವ ಕತ್ತರಿ ಹಿಡಿದೇ ಎದ್ದು ಬಂದರು. "ನಿಂಗೆ ಬಾವಿ ನೀರು ಬೇಕೋ ಬೇಡ್ವೋ?"

ಬೇಕು. ನಿಮಗೂ ಬೇಕಲ್ಲವೇ? ಹಾಗಾದರೆ ಇವತ್ತೇ ಮನೆಯಲ್ಲಿ ಎರಡು ಬುಟ್ಟಿ ಇಡಿ. ಕಸದ ಯೋಜನೆಯ ಸಭೆ ಕರೆದಾಗ ಕೈಲಿರುವ ಕೆಲಸ ಬಿಟ್ಟು ಹೋಗಿ. ಮುಂದಿನ ಇಪ್ಪತ್ತು ವರ್ಷಕ್ಕೆ ಏನು ಮಾಡುತ್ತೀರಿ ಎಂದು ಎದ್ದು ನಿಂತು ಕೇಳಿ. ಪುಟ್ಟಿಯ ಲಂಗದ ಮಡಿಕೆ ಬಿಚ್ಚುವ ಕಾಲಕ್ಕೂ ನಮ್ಮ ಬಾವಿಯ ನೀರು ಕುಡಿಯುವಂತಿರಬೇಕು. ನಿಮ್ಮ ಬಾವಿಯದೂ ಅಷ್ಟೇ.