ದುರುಗವ್ವನ ಒತ್ತಕ್ಷರ

ಕುಷ್ಟಗಿಯ ಇಬ್ರಾಹಿಂಸಾಬರ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಪಾರಮ್ಮನಿಗೆ ಆ ವಾರ ಒಂದೇ ದಿಗಿಲು: ತನ್ನ ಕಣ್ಣು ಹೋದವು. ಕಣ್ಣು ಹೋದರೆ ಕೆಲಸವೂ ಹೋದಂತೆ. ಆದದ್ದಿಷ್ಟು. ಮಾಲೀಕರು ಅಕ್ಕರೆಯಿಂದ ಅವಳಿಗೆಂದೇ ಗಂಗಾವತಿಯಿಂದ ದೊಡ್ಡ ಮಾನಿಟರ್ ತಂದು ಕೂರಿಸಿದ್ದರು. ಪರದೆ ದೊಡ್ಡದು, ಅಕ್ಷರ ಮಾತ್ರ ಸಾಸಿವೆ ಕಾಳು. ಪ್ರೀತಿಯಿಂದ ತಂದದ್ದಕ್ಕೆ "ಕಾಣಂಗಿಲ್ರಿ" ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಕದ್ದು ಸೆಟ್ಟಿಂಗ್ಸಿಗೆ ಹೋಗಿ ರೆಸಲ್ಯೂಶನ್ ಇಳಿಸಿದಳು. ಅಕ್ಷರ ದಪ್ಪವಾದವು, ಸರಿ. ಜೊತೆಗೆ ಎಲ್ಲವೂ ಮಸುಕಾಯಿತು. ಅದೂ ತನ್ನ ಕಣ್ಣಿನದೇ ತಪ್ಪೆಂದುಕೊಂಡಳು. ಎಂಥ ಮಳ್ಳಿ!

ಬೇವೂರಿನ ದುರುಗವ್ವ ಮೊಮ್ಮಗಳ ಲಗ್ನಪತ್ರಿಕೆಯ ಪ್ರೂಫ್ ಹಿಡಿದು ಬಂದಳು.

"ಪಾರವ್ವ, ಇದರಾಗ ನನ್ನ ಹೆಸರು ದುರುಗಮ್ಮ ಅಂತ ಐತಂತ. ನಮ್ಮ ಹುಡುಗಿ ಓದಿ ಹೇಳಿದ್ಲು. ದುರುಗಮ್ಮ ಅಂದ್ರ ದೇವಿ, ಗುಡ್ಯಾಗ ಅದಾಳ. ನಾ ದುರುಗವ್ವ. ಲಗ್ನಕ್ಕ ಬಂದೋರು ನನಗ ಕಾಯಿ ಒಡದಾರು!"

ರೂಢಿಗೆ ಬಿದ್ದ ಬೆರಳು ದೇವಿಯ ಹೆಸರನ್ನೇ ಹೊಡೆದಿತ್ತು. ಪಾರಮ್ಮ ಪರದೆಗೆ ಮೂಗು ತಾಗಿಸಿದಳು. 'ವ್ವ' ಯಾವುದು, 'ಮ್ಮ' ಯಾವುದು? ಎರಡೂ ಒಂದೇ ಮುದ್ದೆ. ಅಳುತ್ತ, ಒಳಗಿದ್ದ ಇಬ್ರಾಹಿಂಸಾಬರನ್ನು ಕೂಗಿದಳು.

"ನನ್ನ ಕಣ್ಣು ಹೋಗ್ಯಾವ್ರಿ ಮಾಲಕ್ರ. ನಾಳಿಂದ ಬ್ಯಾರೆಯವರ್ನ ನೋಡ್ಕೊಳ್ರಿ."

ದುರುಗವ್ವ ಮೇಜು ಸುತ್ತಿ ಬಂದು ಇಣುಕಿದಳು. ಓದು ಬಾರದು, ಆದರೆ ಈಚೆಗಷ್ಟೇ ಪೊರೆ ತೆಗೆಸಿಕೊಂಡವಳು, ಕಂಡದ್ದನ್ನೆಲ್ಲ ಕಣ್ಣಳತೆ ಮಾಡುವ ಹುಮ್ಮಸ್ಸು.

"ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಛಲೋ ಕಾಣ್ತೈತಿ. ಇದೊಂದ ಮಸಕ ಐತಿ. ಪೊರಿ ಬಂದಿದ್ದು ನಿನ್ನ ಕಣ್ಣಿಗಲ್ಲ ಮಗಳ, ಈ ಟಿವಿಗೆ!"

ಇಬ್ರಾಹಿಂಸಾಬರು ಮೌಸ್ ಹಿಡಿದು ನೋಡಿ ಹಣೆ ಚಚ್ಚಿಕೊಂಡರು. "ರೆಸಲ್ಯೂಶನ್ ಇಳಿಸೀಯೇನು ಪಾರವ್ವ? ಒಂದೊಂದು ಪರದಿಗೆ ಅದರದ ಒಂದು ಅಳತಿ ಇರ್ತೈತಿ, ಅದನ್ನ ಹಂಗ ಬಿಡಬೇಕು. ಅಕ್ಷರ ದೊಡ್ಡವು ಮಾಡಾಕ ಸ್ಕೇಲ್ ಅಂತ ಬ್ಯಾರೆ ಐತಿ. ತಂದ ದಿನಾನ ನಾ ತೋರಸ್ಬೇಕಿತ್ತು, ತಪ್ಪು ನಂದು."

ರೆಸಲ್ಯೂಶನ್ ಮೊದಲಿನಷ್ಟಕ್ಕೆ ಏರಿತು, ಸ್ಕೇಲ್ ಒಂದೂವರೆ ಪಟ್ಟಾಯಿತು. ಪರದೆ ತಿಳಿಯಾಯಿತು. ಪಾರಮ್ಮ 'ಮ್ಮ' ಅಳಿಸಿ 'ವ್ವ' ಹೊಡೆದಳು. ಅಕ್ಷರ ಬೇರೆ, ಅದರ ಕೆಳಗಿನ ಒತ್ತು ಬೇರೆ, ಎರಡೂ ನಿಚ್ಚಳ. ಕಣ್ಣು ಇದ್ದವು! ಅವಳ ಎದೆ ಹಗುರಾಯಿತು.

"ನನ್ನ ಅನ್ನ ಉಳಿಸಿದಿ ಯವ್ವಾ" ಎಂದು ಅವಳ ಕಾಲಿಗೆ ಬಾಗಿದಳು.

ದುರುಗವ್ವ ಹಿಂದೆ ಸರಿದಳು. "ಏಯ್, ಕಾಲು ಮುಟ್ಟಬ್ಯಾಡ! ನಾ ದೇವಿ ಅಲ್ಲಂತ ಹೇಳಾಕನ ಬಂದೀನಿ."

ಪಾರಮ್ಮ ಆ ಮಾತು ಕೇಳಲಿಲ್ಲ. ಕಾಲು ಮುಟ್ಟಿಯೇ ಎದ್ದಳು.