ಪೂರಾ ಇಡಿ

ಎಡಗೈಯ ಕಿರುಬೆರಳೊಂದರಿಂದಲೇ ನಾನು ಒಂದು ಜೆಸಿಬಿಯನ್ನು ಮುಕ್ಕಾಲು ಗಂಟೆ ತಡೆದು ನಿಲ್ಲಿಸಿದ್ದೇನೆ. ಬಲಗೈಯಲ್ಲಿ ಕಾಫಿ ಲೋಟವಿತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ. ಹೊಸೂರಿನ ನಮ್ಮ ಆಲಸನತ್ತಂನಲ್ಲಿ ಯಾರನ್ನು ಬೇಕಾದರೂ ಕೇಳಿ. ಎದುರುಮನೆ ನಾರಾಯಣಮ್ಮನನ್ನು ಮಾತ್ರ ಕೇಳಬೇಡಿ.

ಇದೆಲ್ಲ ನಡೆದದ್ದು ನಮ್ಮ ಕೈತೋಟದ ಗೋಡೆಯಿಂದ. ಅದೆಂಥ ಗೋಡೆ ಅಂತೀರಿ! ಅದರ ಮೇಲೆ ನಿಂತರೆ ಜವಳಗಿರಿ ಕಾಡಿನ ಆನೆಗಳು ಕಿವಿ ಬೀಸುವುದು ಕಾಣುತ್ತಿತ್ತು. ಟೇಪು ಹಿಡಿದು ಅಳೆಯುವ ಸಣ್ಣ ಮನಸ್ಸಿನವರಿಗೆ ಅದು ಎದೆಮಟ್ಟ ಬಂದಿರಬಹುದು, ಆ ಮಾತು ಬಿಡಿ. ಗೋಡೆಯ ಒಳಗೆ ನನ್ನ ಹೆಂಡತಿ ರುಕ್ಮಿಣಮ್ಮನ ಹನ್ನೊಂದು ಗುಲಾಬಿ ಗಿಡ, ಗೋಡೆಯ ಮೇಲೆ ಒಂದು ಮಲ್ಲಿಗೆ ಬಳ್ಳಿ. ಆ ಮಲ್ಲಿಗೆ ಅರಳಿದ ದಿನ ಗುಮ್ಮಳಾಪುರದ ಜೇನುಹುಳುಗಳು ಬಸ್ಸು ಹಿಡಿದು ಬರುತ್ತಿದ್ದವು.

ಹೀಗಿರುವಾಗ ನಮ್ಮ ಬೀದಿಗೆ ಫುಟ್‌ಪಾತ್ ಮಂಜೂರಾಯಿತು. ಮೊದಲು ಚರಂಡಿ ಅಗೆಯುವುದು, ಆಮೇಲೆ ಅದರ ಮೇಲೆ ಚಪ್ಪಡಿ ಹಾಸುವುದು. ಜೆಸಿಬಿ ನಮ್ಮ ಮನೆಯ ಸಾಲಿಗೆ ಬರುವ ದಿನವೇ ರುಕ್ಮಿಣಮ್ಮ ತಂಗಿಯ ಮನೆಗೆ ಹೊರಟಿದ್ದಳು. ಗೇಟಿನವರೆಗೆ ಹೋದವಳು ತಿರುಗಿ ನಿಂತಳು.

"ರೀ, ಗೋಡೆ ಹತ್ರ ಮಿಷನ್ ಬಂದ್ರೆ ನಾರಾಯಣಮ್ಮನ್ನ ಕೂಗಿ. ಡ್ರೈವರ್ ತಮಿಳಿನೋನು, ಅವರು ಸರಿಯಾಗಿ ಹೇಳ್ತಾರೆ. ನೀವು ಬಾಯಿ ಬಿಡಬೇಡಿ."

"ನಾನು ಹೊಸೂರಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು ಕಣೇ!"

"ಅದಕ್ಕೇ ಹೇಳ್ತಿರೋದು," ಅಂದು ಹೋದಳು.

ಹನ್ನೊಂದು ಗಂಟೆಗೆ ಜೆಸಿಬಿ ಘೀಳಿಡುತ್ತ ಬಂತು. ಡ್ರೈವರ್ ಕುಮಾರೇಶ್, ತಿರುವಣ್ಣಾಮಲೈ ಕಡೆಯ ತೆಳ್ಳನೆ ಆಳು, ಒಂದು ಕೈಯಲ್ಲಿ ಮೊಬೈಲು ಹಿಡಿದು ಯಾರ ಜೊತೆಗೋ ಕಿಸಿಕಿಸಿ ನಗುತ್ತಿದ್ದ. ನಾನು ಕಿರುಬೆರಳು ಎತ್ತಿದೆ. ಯಂತ್ರ ನಡುಗಿ ನಿಂತಿತು. ಮುಕ್ಕಾಲು ಗಂಟೆ ಅದೂ ನಾನೂ ಮುಖಾಮುಖಿ. ಮೊದಲು ಕಣ್ಣು ಮಿಟುಕಿಸಿದ್ದು ಅದೇ. ಆದರೆ ಹಾಳು ಧೂಳಿಗೆ ನನಗೊಂದು ಸೀನು ಬಂತು, ಬೆರಳು ಇಳಿಯಿತು, ಅದೇ ಸಮಯ ಅಂತ ಯಂತ್ರ ಕೈ ಬೀಸಿತು. ಇಪ್ಪತ್ತು ಅಡಿ ಉದ್ದದ ಗೋಡೆ ಧಡಾರ್ ಅಂತ ಗುಲಾಬಿಗಳ ಮೇಲೆ ಮಲಗಿತು.

ಇದನ್ನೇ ನಾನು ಸಂಜೆ ಮನೆಗೆ ಬಂದ ರುಕ್ಮಿಣಮ್ಮನಿಗೆ ಹೇಳಿದೆ, ಮೊಬೈಲಿನ ವಿಷಯ ಬಿಟ್ಟು. ಅದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ. ಅವಳು ಮಲ್ಲಿಗೆ ಬಳ್ಳಿಯನ್ನು ಇಟ್ಟಿಗೆಗಳ ಅಡಿಯಿಂದ ಎಳೆದು ತೆಗೆದಳು. ಮರುದಿನ ಟೀ ಅಂಗಡಿಯಲ್ಲೂ ಹೇಳಿದೆ. ಬಿದ್ದ ಗೋಡೆ ದಾಟಿ ಒಂದು ಹಸು ನುಗ್ಗಿ ನಾಲ್ಕು ಗುಲಾಬಿ ತಿಂದಿತ್ತು. ನಾನು ಎರಡನೆಯ ಟೀ ಮುಗಿಸುವ ಹೊತ್ತಿಗೆ ಆ ಹಸುವಿಗೆ ಸೊಂಡಿಲು ಬಂದಿತ್ತು.

ಆಮೇಲೆ ಮನು ಕೊಟ್ಟೆ. ಹೊಸೂರಿನಲ್ಲಿ ಅರ್ಜಿಗೆ ಮನು ಅನ್ನುತ್ತಾರೆ. ಪಾಲಿಕೆ ಕಛೇರಿಯ ಮುಂದೆ ಮೇಜು ಹಾಕಿಕೊಂಡು ಕೂತವನಿಗೆ ನಾನು ಕನ್ನಡದಲ್ಲಿ ಹೇಳಿದೆ, ಅವನು ತಮಿಳಿನಲ್ಲಿ ಬರೆದ. 'ಚಾಲಕ ಮೊಬೈಲಿನಲ್ಲಿ ಮಾತಾಡುತ್ತ ಯಂತ್ರ ನಡೆಸಿದ್ದರಿಂದ ನನ್ನ ಗೋಡೆ ಬಿದ್ದಿದೆ. ಪೂರ್ತಿ ಕಟ್ಟಿಸಿಕೊಡಬೇಕು' ಅಂತ.

ಗುರುವಾರ ಬೆಳಿಗ್ಗೆ ಎಂಜಿನಿಯರ್ ಶಶಿಕಲಾ ಗೋಡೆ ನೋಡಲು ಬಂದರು. ಅವರ ಹಿಂದೆಯೇ ಕುಮಾರೇಶ್ ಬಂದ. ಮೈಮೇಲೆ ಕೆಲಸದ ಬಟ್ಟೆ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಊರಿಗೆ ಹೋಗುವ ದೊಡ್ಡ ಚೀಲ.

"ಇವ್ರು ಮೊಬೈಲ್ ಹಿಡ್ಕೊಂಡು ಮಿಷನ್ ಓಡಿಸಿದ್ದು ನಿಜ ಅಂತಾದ್ರೆ ಮತ್ತೆ ಮಿಷನ್ ಹತ್ತೋ ಹಾಗಿಲ್ಲ ಸಾರ್," ಅಂದರು ಶಶಿಕಲಾ. "ಕಂಟ್ರಾಕ್ಟರ್ ಆಗ್ಲೇ ಹೇಳಿಬಿಟ್ಟಿದಾರೆ. ನಾನು ಬರೆದ್ರೆ ಇವತ್ತೇ ಬಸ್ಸು. ಅದಕ್ಕೇ ಕೇಳ್ತಿದೀನಿ, ನೀವು ಕಣ್ಣಾರೆ ನೋಡಿದ್ರಾ?"

ನಾನು ಕೇಳಿದ್ದು ಗೋಡೆ, ಈ ಮನುಷ್ಯನ ಕೆಲಸವನ್ನಲ್ಲ. ಆದರೆ ಪಕ್ಕದಲ್ಲೇ ರುಕ್ಮಿಣಮ್ಮ ನಿಂತಿದ್ದಳು. ಬಾಯಿ ತನ್ನ ಪಾಡಿಗೆ ತಾನು ಹೊರಟಿತು.

"ನೋಡ್ದೆ ಮೇಡಂ. ಒಂದಲ್ಲ, ಎರಡು ಮೊಬೈಲು. ಎರಡು ಕಿವಿಗೂ ಒಂದೊಂದು."

"ಯಾವ ಮೊಬೈಲು?" ಅಂದಳು ರುಕ್ಮಿಣಮ್ಮ.

"ಇವನದೇ ಕಣೇ."

"ಇವರ ಮೊಬೈಲು ಆವತ್ತು ಬೆಳಿಗ್ಗೆಯಿಂದ ಸಂಜೆ ತನಕ ನಮ್ಮ ಜಗಲಿ ಪ್ಲಗ್ಗಲ್ಲಿ ಚಾರ್ಜಿಗಿತ್ತಲ್ರೀ. 'ಅಮ್ಮಾ, ಚಾರ್ಜ್' ಅಂತ ಕೊಟ್ರು, ನಾನೇ ಹಾಕಿ ಹೋದೆ. ಸಂಜೆ ಬಂದು ನಾನೇ ತೆಗೆದುಕೊಟ್ಟೆ."

ಶಶಿಕಲಾ ಪೆನ್ನಿನ ಮುಚ್ಚಳ ಹಾಕಿದರು. ಕುಮಾರೇಶನ ಕಡೆ ತಿರುಗಿ, ನಡೆದದ್ದು ಹೇಳು ಅಂತ ತಮಿಳಿನಲ್ಲಿ ಕೇಳಿದರು. ಅವನು ಚೀಲ ಹೆಗಲಿನಿಂದ ಇಳಿಸಲಿಲ್ಲ. ಬಕೆಟ್ ತಗುಲಿ ಗೋಡೆಯ ಮೂಲೆ ಒಂದು ಗೇಣು ಬಿರುಕು ಬಿಟ್ಟಿತಂತೆ. ತಕ್ಷಣ ಯಂತ್ರ ನಿಲ್ಲಿಸಿ ಮನೆಯವರನ್ನೇ ಕೇಳಿದನಂತೆ. "'ಇಡಿಕ್ಕವಾ ಸಾರ್?'ನು ಕೇಟ್ಟೇನ್ ಮೇಡಂ," ಅಂದ.

"ಅದಕ್ಕೆ ನೀವೇನಂದ್ರಿ ಸಾರ್?"

"ಇಡಿ ಅಂದೆ," ಅಂದೆ ನಾನು. "ಗೋಡೆ ಹೆಂಗಿದೆಯೋ ಹಂಗೇ ಇಡಿ ಅಂತ. ಅಚ್ಚ ಕನ್ನಡ. ತಪ್ಪೇನಿದೆ?"

ಎದುರುಮನೆಯ ಮಹಡಿಯಿಂದ ಒಂದು ನಗು ಉರುಳಿ ಬಂತು. ನಾರಾಯಣಮ್ಮ ಕಟ್ಟೆ ಹಿಡಿದುಕೊಂಡು ಬಗ್ಗಿದ್ದಳು.

"ಅಯ್ಯೋ ಜಯರಾಮಣ್ಣಾ! ತಮಿಳ್ನಾಗೆ ಇಡಿ ಅಂದ್ರೆ ಕೆಡವು ಅಂತ ಕಣಣ್ಣೋ! ಇಪ್ಪತ್ತೆಂಟು ವರ್ಸ ಏನ್ ಮಾಡ್ತಿದ್ದೆ ಇಲ್ಲಿ?"

"ನೀನು ಸುಮ್ನಿರಮ್ಮಾ, ಆಫೀಸಿನ ವಿಚಾರಣೆ ನಡೀತಿದೆ."

"ಯಾಕೆ ಸುಮ್ನಿರ್ಲಿ? ನಾನು ಇಲ್ಲೇ ಮೆಣಸಿನ್‌ಕಾಯಿ ಒಣಗಾಕ್ತಿದ್ದೆ ಮೇಡಂ, ಎಲ್ಲಾ ಕೇಳುಸ್ಕಂಡೆ. 'ಇಡಿಕ್ಕವಾ?' ಅಂದ, ಕೆಡವ್ಲಾ ಅಂತ. ಈ ಅಣ್ಣ 'ಹೂಂ, ಇಡಿ' ಅಂದ್ರು. ಅವನಿಗೂ ಅನುಮಾನ ಪಾಪ. ಆ ಮೂಲೆ ತೋರ್ಸಿ 'ಇದು ಮಟ್ಟುಮಾ?' ಅಂದ, ಇದೊಂದೇನಾ ಅಂತ. ಅದಕ್ಕೆ ಈಯಪ್ಪ ಕೈ ಎತ್ತಿ ಏನಂದ್ರು ಗೊತ್ತಾ? 'ಪೂರಾ ಇಡಿ!' ಅಂದ್ಬುಟ್ರು!"

"ಮತ್ತೆ ನೀನು ಅಲ್ಲಿಂದ ಒಂದು ಕೂಗು ಹಾಕೋಕಾಗ್ಲಿಲ್ವಾ?" ಅಂತ ನಾನೇ ರೇಗಿದೆ.

"ಹೊಸಾ ಗೋಡೆ ಕಟ್ಟುಸ್ತಾರೇನೋ ಅನ್ಕಂಡೆ! ಅಷ್ಟು ಜೋರಾಗಿ ಪೂರಾ ಅಂದ್ರಲ್ಲ!"

ರುಕ್ಮಿಣಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ನಾನು ಇನ್ನೊಂದು ಆನೆಯನ್ನಾದರೂ ತರುತ್ತಿದ್ದೆ. ಬೈಯಲಿಲ್ಲ. "ಆ ಚೀಲ ನೋಡಿ," ಅಂದಳು, ಅಷ್ಟೇ.

ನೋಡಿದೆ. ಅದರ ಜಿಪ್ಪು ಕೆಟ್ಟು, ಬಾಯಿಗೆ ದಾರ ಕಟ್ಟಿತ್ತು.

"ಬರ್ಕೊಳ್ಳಿ ಮೇಡಂ," ಅಂದೆ. "ಇವನ ಕೈಯಲ್ಲಿ ಮೊಬೈಲು ಇರಲಿಲ್ಲ. ಕೆಡವು ಅಂದವನು ನಾನು. ಅವನು 'ಇಡಿಕ್ಕವಾ' ಅಂದದ್ದು ನನಗೆ 'ಇಟ್ಕೊಳ್ಳವಾ' ಅಂದ ಹಾಗೆ ಕೇಳಿಸ್ತು. ಎಷ್ಟು ಮರ್ಯಾದಸ್ಥ, ಗೋಡೆ ಇಟ್ಕೊಳ್ಳೋಕೂ ನನ್ನ ಅಪ್ಪಣೆ ಕೇಳ್ತಾನಲ್ಲ ಅಂತ ಖುಷಿಯಾಯ್ತು. ಗೋಡೆ ಬಿದ್ದ ಮೇಲೆ ಬೆವರು ಒರೆಸಿಕೊಂಡು, ನಕ್ಕೊಂಡು, 'ಪೂರಾ ಇಡಿಚ್ಚಿಟ್ಟೇನ್ ಸಾರ್' ಅಂದಾಗಲೇ ಅರ್ಥ ಆಗಿದ್ದು. ಆಮೇಲಿನದೆಲ್ಲ ಇವಳ ಹೆದರಿಕೆಗೆ ಕಟ್ಟಿದ್ದು. ಮನು ವಾಪಸ್ ತಗೋತೀನಿ."

ಶಶಿಕಲಾ ತುಟಿ ಕಚ್ಚಿಕೊಂಡು ಬರೆದರು. "ಬಿರುಕು ಬಿಟ್ಟ ಮೂಲೆ ನಮ್ಮ ಕೆಲಸದಿಂದ ಆಗಿದ್ದು, ಅದನ್ನ ಕಟ್ಟಿಸಿಕೊಡ್ತೀವಿ. ಮಿಕ್ಕಿದ್ದು ಪೂರಾ ನಿಮ್ಮದೇ ಸಾರ್."

ಕುಮಾರೇಶ್ ಚೀಲವನ್ನು ನಮ್ಮ ಜಗಲಿಯ ಮೇಲಿಟ್ಟು ಯಂತ್ರ ಹತ್ತಿದ. ಬಕೆಟ್ ಎತ್ತುವ ಮೊದಲು ಒಮ್ಮೆ ನನ್ನ ಮುಖ ನೋಡಿದ, ಆಮೇಲೆ ಕತ್ತು ಮೇಲೆತ್ತಿ, "ನಾರಾಯಣಮ್ಮಾ!" ಅಂತ ಕೂಗಿದ. ಅವಳು ಮಹಡಿಯಿಂದ ತಮಿಳಿನಲ್ಲಿ ಏನೋ ಹೇಳಿದಳು. ಅದಾದ ಮೇಲೆಯೇ ಯಂತ್ರ ಅಲ್ಲಾಡಿತು.

ಈಗ ನಾನೂ ರುಕ್ಮಿಣಮ್ಮನೂ ದಿನಾ ಸಂಜೆ ಒಂದೊಂದು ವರಸೆ ಇಟ್ಟಿಗೆ ಕಟ್ಟುತ್ತಿದ್ದೇವೆ. ನಿಮ್ಮ ಹತ್ತಿರ ಮುಚ್ಚುಮರೆ ಏನು? ಆವತ್ತು ನಾನು ಎತ್ತಿದ್ದು ಕಿರುಬೆರಳಲ್ಲ, ಹೆಬ್ಬೆರಳು. ಯಂತ್ರವನ್ನು ತಡೆದದ್ದಲ್ಲ, ಆಗಲಿ ಅಂತ ಸನ್ನೆ ಮಾಡಿದ್ದು. ಮುಕ್ಕಾಲು ಗಂಟೆಯೂ ಅಲ್ಲ. ಗೋಡೆ ನಾಲ್ಕು ನಿಮಿಷಕ್ಕೆ ಮುಗಿಯಿತು. ಆದರೆ ಬಲಗೈಯ ಕಾಫಿ ಒಂದು ತೊಟ್ಟೂ ಚೆಲ್ಲಲಿಲ್ಲ ಅನ್ನುವುದು ಮಾತ್ರ ದೇವರಾಣೆ ಸತ್ಯ.

"ಯಾವ ಕಾಫಿ?" ಅಂದಳು ರುಕ್ಮಿಣಮ್ಮ, ಇಟ್ಟಿಗೆಗೆ ಗಾರೆ ಮೆತ್ತುತ್ತ. "ಆವತ್ತು ಹಾಲು ಒಡೆದಿತ್ತು. ನಾನು ಕಾಫಿ ಮಾಡೇ ಇರಲಿಲ್ಲ."

ಸರಿ. ಲೋಟ ಖಾಲಿಯಿತ್ತು.