ಬೀದಿ ಕಡೆಯ ಕೋಣೆ

ಗಂಡನ ಮಣ್ಣು ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ, ಅವಳು ಒಲೆಯ ಮೇಲೆ ಹಾಲಿಟ್ಟು ಸುಮ್ಮನೆ ನಿಂತಿದ್ದಳು. ಬಾಗಿಲು ತಟ್ಟಿದವರು ಭಾವ. ಗಂಡನ ಅಣ್ಣ, ವಿದೇಶಾಂಗ ಇಲಾಖೆಯ ಅಧಿಕಾರಿ.

"ಸೋಮವಾರ ಒಪ್ಪಂದಕ್ಕೆ ಸಹಿ," ಎಂದರು ಕೂರುತ್ತಲೇ. "ನೀನು ಮುಂದಿನ ಸಾಲಲ್ಲಿ ಕೂರ್ಬೇಕಮ್ಮ, ಅವನ ಫೋಟೋ ಹಿಡ್ಕೊಂಡು. ಮಂತ್ರಿಗಳೇ ಹೇಳಿ ಕಳ್ಸಿದಾರೆ."

"ಒಪ್ಪಂದದಲ್ಲಿ ಏನಿದೆ?"

"ಇನ್ನು ಎರಡೂ ದೇಶ ಅಣುಬಾಂಬ್ ಪರೀಕ್ಷೆ ಮಾಡೋ ಹಾಗಿಲ್ಲ."

"ಇರೋ ಬಾಂಬು?"

ಭಾವ ಕನ್ನಡಕ ತೆಗೆದು ಒರೆಸಿದರು. "ಅದು ಮುಂದಿನ ಮಾತುಕತೆಗೆ."

ಇರುವ ಬಾಂಬುಗಳನ್ನೂ ಬಿಚ್ಚಿಹಾಕಬೇಕು ಎಂಬ ಆ ಒಂದು ಸಾಲಿಗಾಗಿಯೇ ಗಂಡ ಮಾತುಕತೆ ನಡೆಯುತ್ತಿದ್ದ ಸಭಾಭವನದೆದುರಿನ ಫುಟ್‌ಪಾತಿನಲ್ಲಿ ಅನ್ನ ಬಿಟ್ಟು ಮಲಗಿದ್ದ. ಮಲಗಿದವನು ಏಳಲಿಲ್ಲ.

"ಮುಂದಿನದಕ್ಕೆ ಯಾರನ್ನ ಮಲಗಿಸ್ತೀರಿ, ಭಾವ?"

"ಹಾಗನ್ನಬೇಡ. ಅವನು ಹೋಗಿದ್ದು ದಂಡವಾಗ್ಲಿಲ್ಲ. ಮಾತುಕತೆಗೆ ಬೀದಿ ಕಡೆಯ ಕೋಣೆನೇ ಬೇಕು ಅಂತ ಹಟ ಮಾಡಿದವನು ನಾನು. ಆ ಕಡೆಯವರು ಜಗ್ಗದೆ ಕೂತಾಗೆಲ್ಲ ಪರದೆ ಸರಿಸ್ತಿದ್ದೆ. ನೋಡಿ ಸ್ವಾಮಿ, ಜನ ಹೇಗೆ ಸೇರಿದಾರೆ, ಅಂತ. ಅವನು ಹೋದ ಸಂಜೇನೇ ಒಪ್ಪಿದ್ರು."

"ಅವನು ನಿಮ್ಮ ತಮ್ಮ ಅಂತ ಅವರಿಗೆ ಗೊತ್ತಿತ್ತಾ?"

"ಕೊನೇಲಿ... ಹೇಳ್ಬೇಕಾಯ್ತು."

"ಉರಿಯೋ ಮನೇಲಿ ಗಳ ಹಿರಿದ್ರಿ."

ಹಾಲು ಉಕ್ಕಿತು. ಅವಳು ಕದಲಲಿಲ್ಲ. ಭಾವನೇ ಹೋಗಿ ಒಲೆ ಆರಿಸಿ ಬಂದರು.

"ಪರೀಕ್ಷೆ ನಿಂತಿದ್ದು ಸಣ್ಣ ಮಾತಾ? ಓದಿದವಳು ನೀನು."

"ಓದಿದೀನಿ. ಅದಕ್ಕೇ ಕೇಳ್ತೀನಿ. ಅವರು ಆ ಸಾಲು ತೆಗೀರಿ ಅಂದಾಗ ಪರದೆ ಸರಿಸಿದ್ರಾ, ಎಳೆದು ಮುಚ್ಚಿದ್ರಾ?"

ಭಾವ ಹೊರಡಲು ಎದ್ದರು.

ಅವಳು ಒಳಗಿನಿಂದ ಕಪ್ಪು ಕೋಟು ತಂದಳು. ಕೋಟಿಲ್ಲದವರನ್ನು ಸಭಾಭವನದೊಳಗೆ ಬಿಡುವುದಿಲ್ಲವೆಂದು, ಉಪವಾಸಕ್ಕೆ ಕೂರುವ ಮೊದಲು ಗಂಡ ಅಣ್ಣನಿಂದ ಕೇಳಿ ತಂದದ್ದು. ತೊಟ್ಟುಕೊಂಡು ಹೋಗಿ, ಒಂದು ಮಾತಾಡಲೂ ಅವಕಾಶ ಸಿಗದೆ ವಾಪಸು ಬಂದಿದ್ದ.

"ನಾನು ಬರಲ್ಲ. ಫೋಟೋನೂ ಬರಲ್ಲ. ಇದು ನಿಮ್ಮದು, ತಗೊಳ್ಳಿ. ಸೋಮವಾರ ಬೇಕಾಗುತ್ತೆ."

ಭಾವ ಕೋಟನ್ನು ಕೈಮೇಲೆ ಹಾಕಿಕೊಂಡು ಮೆಟ್ಟಿಲಿಳಿದರು. ಅದನ್ನು ಕಾರಿನ ಹಿಂದಿನ ಸೀಟಿಗೆ ಎಸೆದು ಬಾಗಿಲು ಬಡಿದರು. ಕಾರು ತಿರುವು ದಾಟುವವರೆಗೂ, ಬಾಗಿಲಿಗೆ ಸಿಕ್ಕಿಕೊಂಡ ಕೋಟಿನ ಒಂದು ತೋಳು ಹೊರಗೆ ಗಾಳಿಗೆ ಬಡಿದುಕೊಳ್ಳುತ್ತಿತ್ತು.